ಎರಡನೆಯ ಪುಟದ ಆ ‘ಆದ್ದರಿಂದ’

ಮಾನ್ಯರೇ,

ಟೆನಿಸ್ ರಾಕೆಟ್ಟಿನ ಪಾಲಿಯೆಸ್ಟರ್ ತಂತಿಗಳ ಬಗ್ಗೆ ನೀವು ಕಳುಹಿಸಿದ ಐದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈ ವಿಷಯವನ್ನು ಕನ್ನಡದಲ್ಲಿ ಬರೆಯುವವರು ವಿರಳ. ನಿಮ್ಮ ವಾಕ್ಯಗಳು ಶುದ್ಧವಾಗಿವೆ, ಕಾಗುಣಿತದ ತಪ್ಪುಗಳಿಲ್ಲ, ಪದಮಿತಿಯನ್ನೂ ಪಾಲಿಸಿದ್ದೀರಿ. ಮೆಚ್ಚುಗೆಯ ಬಾಬತ್ತು ಇಲ್ಲಿಗೆ ಮುಗಿಯಿತು. ಮೊದಲ ಓದಿಗೆ ಸಿಟ್ಟು ಬಂದಿತ್ತು. ಎರಡನೆಯ ಓದಿಗೆ ಆ ಸಿಟ್ಟು ಯಾವ ಸಾಲಿನಲ್ಲಿ ಹುಟ್ಟಿತೆಂಬುದು ತಿಳಿಯಿತು. ಈ ಪತ್ರದ ಬಹುಪಾಲು ಆ ಸಾಲಿಗೇ ಮೀಸಲು.

ಎರಡನೆಯ ಪುಟದ ನಡುವೆ ನೀವು ಹೀಗೆ ಬರೆದಿದ್ದೀರಿ: ‘ಫೆಡರರ್, ನಡಾಲ್, ಜೊಕೊವಿಚ್ ಮೂವರೂ ಪಾಲಿಯೆಸ್ಟರ್ ತಂತಿಯನ್ನು ಬಳಸಿದವರು. ಆದ್ದರಿಂದ ಚೆನ್ನಾಗಿ ಆಡಬೇಕೆನ್ನುವ ಪ್ರತಿಯೊಬ್ಬರಿಗೂ ಪಾಲಿಯೆಸ್ಟರೇ ಸರಿಯಾದ ಆಯ್ಕೆ.’

ಮೊದಲ ವಾಕ್ಯವನ್ನು ಸುಳ್ಳೆನ್ನಲಾರೆ, ಅರ್ಧ ನಿಜ ಎನ್ನಬಲ್ಲೆ. ನಡಾಲ್ ಅವರು ಉದ್ದ ತಂತಿ, ಅಡ್ಡ ತಂತಿ ಎರಡಕ್ಕೂ ಪಾಲಿಯೆಸ್ಟರನ್ನೇ ಹಾಕಿಸುತ್ತಿದ್ದರು, ಅದೂ ಬಹುಕಾಲ 55 ಪೌಂಡ್ ಬಿಗಿತಕ್ಕೆ. ಫೆಡರರ್ ಅವರ ರಾಕೆಟ್ಟಿನಲ್ಲಿ ಉದ್ದದ ತಂತಿಗಳು ದನದ ಕರುಳಿನಿಂದ ತಯಾರಾದ ನೈಜ ಗಟ್ ಆಗಿದ್ದವು. ಪಾಲಿಯೆಸ್ಟರ್ ಇದ್ದುದು ಅಡ್ಡ ತಂತಿಗಳಲ್ಲಿ ಮಾತ್ರ. ಜೊಕೊವಿಚ್ ಅವರೂ ವರ್ಷಗಟ್ಟಲೆ ಇದೇ ಬೆರಕೆಯನ್ನು ನೆಚ್ಚಿಕೊಂಡವರು. ತಂತಿಯ ಹಾಸಿನ ಗುಣವನ್ನು ಹೆಚ್ಚಾಗಿ ನಿರ್ಧರಿಸುವುದು ಉದ್ದದ ತಂತಿಗಳೇ. ಹೀಗಿರುವಾಗ, ನೀವು ಒಂದೇ ಉಸಿರಿನಲ್ಲಿ ಹೆಸರಿಸಿದ ಮೂವರಲ್ಲಿ ಇಬ್ಬರು ಮುಖ್ಯ ಕೆಲಸವನ್ನು ಕರುಳಿಗೆ ಒಪ್ಪಿಸಿದವರೆಂದಾಯಿತು. ಮೂವರು ದಿಗ್ಗಜರ ನಡುವೆಯೇ ಒಮ್ಮತವಿಲ್ಲದ ಸಂಗತಿಯ ಮೇಲೆ ‘ಪ್ರತಿಯೊಬ್ಬರಿಗೂ’ ಎಂಬ ಪದವನ್ನು ಹೇರಿದ್ದೀರಿ, ಆ ಭಾರವನ್ನೆಲ್ಲ ಹೊರುವ ಕೆಲಸವನ್ನು ‘ಆದ್ದರಿಂದ’ ಎಂಬ ಬಡಪಾಯಿ ಪದಕ್ಕೆ ಕೊಟ್ಟಿದ್ದೀರಿ.

ಅಲ್ಲಿಗೇ ನಿಲ್ಲಿಸಿದ್ದರೆ ಒಂದು ಪದ ಹೊಡೆದುಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಮುಂದಿನ ಮೂರು ವಾಕ್ಯಗಳೂ ಅದೇ ಅಚ್ಚಿನವು.

‘ಪಾಲಿಯೆಸ್ಟರ್ ಸ್ಪಿನ್ ಕೊಡುತ್ತದೆ.’ ಯಾರಿಗೆ ಕೊಡುತ್ತದೆ? ಚೆಂಡು ತಂತಿಯ ಮೇಲಿರುವುದು ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ರಾಕೆಟ್ಟು ಕೆಳಗಿನಿಂದ ಮೇಲಕ್ಕೆ ವೇಗವಾಗಿ ಉಜ್ಜಿಕೊಂಡು ಹೋದರೆ ಉದ್ದದ ತಂತಿಗಳು ಪಕ್ಕಕ್ಕೆ ಜರುಗುತ್ತವೆ. ಪಾಲಿಯೆಸ್ಟರಿನ ಮೈ ನುಣುಪಾಗಿಯೂ ಗಡುಸಾಗಿಯೂ ಇರುವುದರಿಂದ ಅವು ಅಡ್ಡ ತಂತಿಗಳಿಗೆ ಸಿಕ್ಕಿಕೊಳ್ಳದೆ, ಚೆಂಡು ಬಿಟ್ಟುಹೋಗುವ ಮುನ್ನವೇ ಸ್ವಸ್ಥಾನಕ್ಕೆ ಚಿಮ್ಮಿ, ಹಾಗೆ ಚಿಮ್ಮುವಾಗ ಚೆಂಡನ್ನು ಇನ್ನಷ್ಟು ತಿರುಗಿಸುತ್ತವೆ. ನೈಲಾನ್ ತಂತಿ ಜರುಗಿದಲ್ಲೇ ನಿಂತುಬಿಡುವುದು ಹೆಚ್ಚು. ಹಳೆಯ ಪಂದ್ಯಗಳ ದೃಶ್ಯಗಳಲ್ಲಿ ಆಟಗಾರರು ಪಾಯಿಂಟುಗಳ ನಡುವೆ ಬೆರಳಿನಿಂದ ತಂತಿಗಳನ್ನು ನೇರ ಮಾಡಿಕೊಳ್ಳುತ್ತಿದ್ದುದು ಸುಮ್ಮನೆ ಹೊತ್ತು ಕಳೆಯಲಿಕ್ಕಲ್ಲ. ನೀವು ಮೂರನೆಯ ಪುಟದಲ್ಲಿ ಉದ್ದದ ತಂತಿಗಳನ್ನು ಎರಡು ಪದರವಾಗಿ ಹಾಕಿದ 1977ರ ಸ್ಪಾಗೆಟಿ ರಾಕೆಟ್ಟಿನ ಕಥೆಯನ್ನು ಹೇಳಿದ್ದೀರಿ. ರೊಮೇನಿಯಾದ ಆಟಗಾರ ನಸ್ತಾಸೆ ಅದನ್ನು ಹಿಡಿದು ಅರ್ಜೆಂಟೀನಾದ ವಿಲಾಸ್ ಅವರ ಗೆಲುವಿನ ಸರಣಿಯನ್ನು ಮುರಿದದ್ದು, ಬಳಿಕ ಆ ಬಗೆಯ ಹೆಣಿಗೆಯನ್ನೇ ನಿಷೇಧಿಸಿದ್ದು ಎಲ್ಲವೂ ಇದೆ. ಆದರೆ ಅಲ್ಲಿಯೂ ತಂತಿಗಳು ಜರುಗಿ ಮರಳುತ್ತಿದ್ದುದೇ ಗುಟ್ಟು, ನಿಯಮದ ಒಳಗಿದ್ದುಕೊಂಡೇ ಅದರಲ್ಲಿ ಒಂದಂಶವನ್ನು ಪಾಲಿಯೆಸ್ಟರ್ ಮಾಡಿ ತೋರಿಸಿತು ಎಂಬ ಮಾತನ್ನು ನೀವು ಹೇಳಲಿಲ್ಲ. ಹೇಳಿದ್ದರೆ ಆ ಕಥೆಗೆ ಲೇಖನದಲ್ಲಿ ಕೂರಲು ಜಾಗ ಸಿಗುತ್ತಿತ್ತು. ಇರಲಿ. ಬೀಸಿನಲ್ಲಿ ವೇಗವಿಲ್ಲದಿದ್ದರೆ ತಂತಿ ಜರುಗುವುದೇ ಇಲ್ಲ, ಜರುಗದ ತಂತಿ ಮರಳುವುದಾದರೂ ಎಲ್ಲಿಂದ? ಚೆಂಡನ್ನು ಮೆಲ್ಲನೆ ತಳ್ಳುವ ಅಥವಾ ನೇರವಾಗಿ ಹೊಡೆಯುವ ಆಟಗಾರನ ಪಾಲಿಗೆ ಉಳಿಯುವುದು ಗಡಸುತನವೊಂದೇ.

‘ಪಾಲಿಯೆಸ್ಟರ್ ಶಕ್ತಿ ಕೊಡುತ್ತದೆ.’ ಇದು ತಲೆಕೆಳಗಾದ ಮಾತು. ಒಂದೇ ಬಿಗಿತದಲ್ಲಿ, ಒಂದೇ ಬೀಸಿಗೆ, ನೈಲಾನಿಗಿಂತಲೂ ನೈಜ ಗಟ್‌ಗಿಂತಲೂ ಪಾಲಿಯೆಸ್ಟರ್ ಚೆಂಡಿಗೆ ಹಿಂದಿರುಗಿಸುವ ವೇಗ ಕಡಿಮೆ. ಬಿರುಸಾಗಿ ಬೀಸುವವರಿಗೆ ಬೇಕಾದದ್ದೂ ಈ ಕೊರತೆಯೇ: ಪೂರ್ತಿ ತೋಳು ಬಿಟ್ಟು ಹೊಡೆದರೂ ಚೆಂಡು ಹಿಂದಿನ ಗೆರೆ ದಾಟುವುದಿಲ್ಲ, ಮೇಲುಸುತ್ತು (ಟಾಪ್‌ಸ್ಪಿನ್) ಅದನ್ನು ಅಂಗಳದೊಳಕ್ಕೆ ಎಳೆದು ಇಳಿಸುತ್ತದೆ ಎಂಬ ಧೈರ್ಯ ಅವರಿಗೆ ಬರುತ್ತದೆ. ನಿಧಾನ ತೋಳಿನ ನಲವತ್ತೈದರ ಕ್ಲಬ್ ಆಟಗಾರ ಅದೇ ತಂತಿಯಿಂದ ಹೊಡೆದರೆ ಚೆಂಡು ಸರ್ವಿಸ್ ಗೆರೆಯ ಹತ್ತಿರವೇ ಬಿದ್ದು ಎದುರಾಳಿಗೆ ಹಬ್ಬವಾಗುತ್ತದೆ. ಹಟಕ್ಕೆ ಬಿದ್ದು ಪಾಲಿಯೆಸ್ಟರೇ ಬೇಕೆನ್ನುವವರಿಗೆ ಗಟಿಂಗ್ ಹಾಕುವವರು, ಅಂದರೆ ರಾಕೆಟ್ಟಿಗೆ ತಂತಿ ಕಟ್ಟುವವರು, ನೈಲಾನಿಗಿಂತ ಶೇಕಡಾ 10ರಷ್ಟು ಬಿಗಿತ ಇಳಿಸಿ ಹಾಕುವುದು ಈ ನಷ್ಟವನ್ನು ಸ್ವಲ್ಪ ತುಂಬಿಕೊಡಲಿಕ್ಕೆ. ನಿಮ್ಮ ಐದು ಪುಟಗಳಲ್ಲಿ ಪೌಂಡಿನ ಲೆಕ್ಕ ಒಂದು ಕಡೆಯೂ ಇಲ್ಲ.

‘ಪಾಲಿಯೆಸ್ಟರ್ ದೀರ್ಘಕಾಲ ಬಾಳುತ್ತದೆ.’ ವಾರಕ್ಕೊಂದು ನೈಲಾನ್ ತಂತಿಯನ್ನು ಕಡಿದುಹಾಕುವ ಹದಿನೇಳರ ಹುಡುಗನಿಗೆ ಈ ಮಾತು ನಿಜ. ಅವನ ತಂದೆಯ ಜೇಬಿಗೆ ಅದು ವರದಾನವೂ ಹೌದು. ಆದರೆ ಈ ತಂತಿ ತುಂಡಾಗುವ ಎಷ್ಟೋ ಮೊದಲೇ ಬಿಗಿತ ಕಳೆದುಕೊಂಡು ಜೀವ ಬಿಟ್ಟಿರುತ್ತದೆ, ನೈಲಾನಿಗಿಂತ ಬೇಗ, ನೈಜ ಗಟ್‌ಗಿಂತ ಬಹಳ ಬೇಗ. ವೃತ್ತಿಪರರು ಪ್ರತಿ ಪಂದ್ಯಕ್ಕೂ ಹೊಸದಾಗಿ ತಂತಿ ಹಾಕಿಸಿದ ರಾಕೆಟ್ಟುಗಳನ್ನು ಒಯ್ಯುತ್ತಾರೆ, ಹೊಸ ಚೆಂಡುಗಳು ಬಂದಾಗ ರಾಕೆಟ್ಟನ್ನೂ ಬದಲಿಸುವವರು ಅವರಲ್ಲಿ ಅನೇಕರು. ಶನಿವಾರ, ಭಾನುವಾರ ಮಾತ್ರ ಆಡುವ ನಮ್ಮ ಗೃಹಸ್ಥರು ‘ಇನ್ನೂ ಕಟ್ ಆಗಿಲ್ಲವಲ್ಲ’ ಎಂದು ಅದೇ ತಂತಿಯಲ್ಲಿ ವರ್ಷ ಕಳೆಯುತ್ತಾರೆ. ಅಂಥ ತಂತಿಯ ಮೈಮೇಲೆ ಗೀರುಗಳು ಬಿದ್ದು ಅದು ಜರುಗಿ ಮರಳುವುದನ್ನೂ ಮರೆತಿರುತ್ತದೆ. ಬಾಳಿಕೆ ಎಂಬ ಒಂದೇ ಪದ ಈ ಇಬ್ಬರಿಗೂ ಹೊಂದುವುದಿಲ್ಲವೆಂಬುದು ಬರೆಯುವಾಗ ನಿಮಗೆ ಹೊಳೆಯಲಿಲ್ಲವೇ?

ಇಷ್ಟು ಕಟುವಾಗಿ ಬರೆಯಲು ನನಗೊಂದು ಸ್ವಂತ ಕಾರಣವಿದೆ. 1997ರ ಜೂನ್ 8ರ ಭಾನುವಾರ ರಾತ್ರಿ ನಾನು ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಪ್ಯಾರಿಸ್ಸಿನಲ್ಲಿ ವಿಶ್ವದ 66ನೆಯ ಕ್ರಮಾಂಕದ ಬ್ರೆಜಿಲಿನ ಗುಸ್ಟಾವೊ ಕುಯೆರ್ಟನ್ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸೆರ್ಗಿ ಬ್ರುಗೇರಾ ಅವರನ್ನು 6–3, 6–4, 6–2ರಿಂದ ಸೋಲಿಸಿದ್ದರು. ಅದಕ್ಕೂ ಮೊದಲು ಮುಸ್ಟರ್, ಕಾಫೆಲ್ನಿಕೋವ್ ಅವರನ್ನೂ ಉರುಳಿಸಿದ್ದರಿಂದ ಒಂದೇ ಟೂರ್ನಿಯಲ್ಲಿ ಅಲ್ಲಿನ ಮೂವರು ಮಾಜಿ ಚಾಂಪಿಯನ್ನರು ಅವರಿಗೆ ಸೋತಂತಾಗಿತ್ತು. ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿಯನ್ನು ಕನ್ನಡಕ್ಕೆ ಇಳಿಸುತ್ತ ನಾನು ಹುರುಪಿನಲ್ಲಿ ಒಂದು ಸಾಲನ್ನು ಕೈಯಿಂದ ಸೇರಿಸಿದೆ: ‘ಕುಯೆರ್ಟನ್ ಅವರ ರಾಕೆಟ್ಟಿನಲ್ಲಿ ಅದೇನೋ ಮಾಯೆಯಿತ್ತು, ಆದ್ದರಿಂದ ಬ್ರುಗೇರಾ ಬಳಿ ಉತ್ತರವಿರಲಿಲ್ಲ.’ ನಮ್ಮ ಮುಖ್ಯಸ್ಥರು ಕೆಂಪು ಶಾಯಿಯಲ್ಲಿ ‘ಮಾಯೆ’ಗೊಂದು, ‘ಆದ್ದರಿಂದ’ಕ್ಕೊಂದು ಸುತ್ತು ಹಾಕಿ, ತಲೆಯೆತ್ತದೆ ಕೇಳಿದರು: ‘ರಾಕೆಟ್ಟಿನಲ್ಲಿ ಏನಿತ್ತು? ಗೊತ್ತಿದ್ದರೆ ಬರಿ. ಗೊತ್ತಿಲ್ಲದಿದ್ದರೆ ಸ್ಕೋರ್ ಬರೆದು ಮನೆಗೆ ಹೋಗು.’ ನಾನು ಸ್ಕೋರ್ ಬರೆದು ಮನೆಗೆ ಹೋದೆ, ಅವಮಾನದಿಂದ ನಿದ್ದೆ ಬರಲಿಲ್ಲ.

ರಾಕೆಟ್ಟಿನಲ್ಲಿ ಇದ್ದದ್ದು ಬೆಲ್ಜಿಯಂನ ಲುಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ತಂತಿ ಎಂದು ನನಗೆ ತಿಳಿದದ್ದು ವರ್ಷಗಳ ನಂತರ. ಆಗಲೂ ‘ಆದ್ದರಿಂದ’ ಎಂದು ಬರೆಯಲು ಕೈ ಬರಲಿಲ್ಲ. ನೀಳ ತೋಳು, ಅದರಷ್ಟೇ ನೀಳವಾದ ಬೀಸು, ಚೆಂಡು ಎತ್ತರಕ್ಕೆ ಪುಟಿಯುವ ಮಣ್ಣಿನ ಅಂಗಳ, ಇವೆಲ್ಲ ಆ ತಂತಿಗೆ ಕೂಡಿಬಂದಿದ್ದವು. ಅದೇ ತಂತಿಯನ್ನು ಆ ವರ್ಷ ನಮ್ಮೂರಿನ ಕ್ಲಬ್ಬಿನ ಯಾರಿಗಾದರೂ ಕೊಟ್ಟಿದ್ದರೆ ತೋಳು ಹಿಡಿದುಕೊಂಡು ಕೂರುತ್ತಿದ್ದರು. ಮುಖ್ಯಸ್ಥರಿಗೆ ಟೆನಿಸ್ ಹೆಚ್ಚು ತಿಳಿದಿರಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ತಿಳಿದಿತ್ತು.

ಇನ್ನೊಂದು ದೂರು, ಇದು ಮೊದಲನೆಯದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು. ನಾಲ್ಕನೆಯ ಪುಟದ ಕೊನೆಯಲ್ಲಿ, ಕಂಪನಿಗಳ ಹೆಸರುಗಳ ಪಟ್ಟಿಯ ಅಡಿಯಲ್ಲಿ, ಒಂದೇ ಒಂದು ವಾಕ್ಯವನ್ನು ನೀವು ಹೀಗೆ ಬರೆದು ಮುಂದೆ ಹೋಗಿದ್ದೀರಿ: ‘ನನ್ನ ಹದಿಮೂರು ವರ್ಷದ ಮಗಳಿಗೆ ಪಾಲಿಯೆಸ್ಟರ್ ಹಾಕಿಸಿದ ಮೂರನೆಯ ತಿಂಗಳಲ್ಲಿ ಮೊಣಕೈ ನೋವು ಕಾಣಿಸಿಕೊಂಡಾಗ, ಗಟಿಂಗ್ ಅಂಗಡಿಯವರು ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇದು ಮಗುವಿಗೋ ನಿಮಗೋ ಎಂದು ಕೇಳಿದರು.’

ಸ್ವಾಮಿ, ಲೇಖನ ಇಲ್ಲಿದೆ. ಉಳಿದೆಲ್ಲ ಕಡೆ ‘ತಂತು ಸಂಯೋಜನೆ’ ಎಂದು ಬರೆಯುವ ನೀವು ಈ ಒಂದು ವಾಕ್ಯದಲ್ಲಿ ಮಾತ್ರ, ಬಾಯಿಗೆ ಬಂದಂತೆ, ‘ಗಟಿಂಗ್’ ಎಂದಿದ್ದೀರಿ. ನೈಲಾನ್ ಹಾಕಿದರೂ ಪಾಲಿಯೆಸ್ಟರ್ ಹಾಕಿದರೂ ಅಂಗಡಿಯಲ್ಲಿ ಇಂದಿಗೂ ಕರುಳಿನ ಹೆಸರೇ ಉಳಿದಿರುವುದು ನನಗೆ ಸದಾ ಇಷ್ಟವಾದ ಸಂಗತಿ. ಅದನ್ನು ತಿದ್ದಬೇಡಿ, ‘ತಂತು ಸಂಯೋಜನೆ’ಯನ್ನು ತೆಗೆಯಿರಿ. ನೋವಿಗೆ ತಂತಿಯೊಂದೇ ಕಾರಣವೆಂದು ನಾನು ಇಲ್ಲಿ ಕುಳಿತು ಹೇಳಲಾರೆ. ಹೊಡೆತದ ಕ್ರಮ, ರಾಕೆಟ್ಟಿನ ತೂಕ, ದಿನಕ್ಕೆ ಆಡಿದ ಗಂಟೆಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೂ ಮೊಣಕೈ ನೋಯುವವರಿಗೆ ತಿಳಿದ ತರಬೇತುದಾರರು ಹೇಳುವ ಮೊದಲ ಮಾತುಗಳಲ್ಲಿ ‘ಆ ಪಾಲಿಯೆಸ್ಟರ್ ಬಿಚ್ಚಿಸಿ, ಮೆತ್ತನೆಯ ನೈಲಾನ್ ಹಾಕಿಸಿ’ ಎಂಬುದೂ ಒಂದು. ಎರಡನೆಯ ಪುಟದಲ್ಲಿ ‘ಪ್ರತಿಯೊಬ್ಬರಿಗೂ’ ಎಂದು ಬರೆದ ಕೈಯೇ ನಾಲ್ಕನೆಯ ಪುಟದಲ್ಲಿ ಈ ವಾಕ್ಯವನ್ನೂ ಬರೆದಿದೆ. ಆ ‘ಪ್ರತಿಯೊಬ್ಬರ’ ಲೆಕ್ಕಕ್ಕೆ ಸೇರದ ಆಟಗಾರ್ತಿ ನಿಮ್ಮ ಮನೆಯಲ್ಲೇ ಇದ್ದಾಳೆಂಬುದು ನಿಮಗೆ ಗೊತ್ತಿತ್ತು.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ, ತಿರಸ್ಕರಿಸುತ್ತಿಲ್ಲ. ಮೊದಲ ಮೂರು ಪುಟಗಳನ್ನು ಬದಿಗಿಟ್ಟು ಅಂಗಡಿಯಿಂದ ಆರಂಭಿಸಿ. ಅವಳ ರಾಕೆಟ್ಟಿಗೆ ಆ ತಂತಿಯನ್ನು ಹಾಕಿಸಿದ್ದು ಯಾರ ಮಾತು ಕೇಳಿ, ಎಷ್ಟು ಪೌಂಡಿಗೆ, ಈಗ ಅದರಲ್ಲಿ ಏನಿದೆ, ಅವಳ ಚೆಂಡು ಅಂದು ಎಲ್ಲಿ ಬೀಳುತ್ತಿತ್ತು, ಇಂದು ಎಲ್ಲಿ ಬೀಳುತ್ತಿದೆ ಎಂಬುದನ್ನು ಬರೆಯಿರಿ. ಅಂಗಡಿಯವರ ಆ ಪ್ರಶ್ನೆಗೆ ನೀವು ಕೊಟ್ಟ ಉತ್ತರವನ್ನೂ ಬರೆಯಿರಿ. ಈಗಿನ ಪ್ರತಿಯಲ್ಲಿ ಅದಿಲ್ಲ.

ಇಂತು,
ಸಂಪಾದಕ