ಕಣದಲ್ಲಿ ನೆನೆದ ಕಾಫಿ, ಮನೆಯಲ್ಲಿ ನಿಂತ ಮಾತು

ಪ್ರಶ್ನೆ: ನನಗೆ 39 ವರ್ಷ, ಹೈಸ್ಕೂಲ್ ಶಿಕ್ಷಕಿ. ಯಜಮಾನರು 5 ಎಕರೆ ರೋಬಸ್ಟಾ ಕಾಫಿ ತೋಟ ನೋಡಿಕೊಳ್ಳುತ್ತಾರೆ. ಮೂರು ವಾರದ ಹಿಂದೆ ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ ಮುಗಿಸಿ ಬರುವುದು ತಡವಾಯಿತು. ಅಷ್ಟರಲ್ಲಿ ಮಳೆ ಬಂದು ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ನೆನೆಯಿತು. "ನಿನಗೇನು, ತಿಂಗಳಾದರೆ ಸಂಬಳ ಬರುತ್ತೆ" ಎಂದು ಅತ್ತೆಯ ಎದುರೇ ಅಂದರು. ಅಂದಿನಿಂದ 'ಊಟಕ್ಕೆ ಬನ್ನಿ', 'ಗ್ಯಾಸ್ ಮುಗಿದಿದೆ', ಇಷ್ಟೇ ಮಾತು. ರಾತ್ರಿ ಮೂರಕ್ಕೆ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ. ದಿನಕ್ಕೆ ಐದಾರು ಲೋಟ ಕಾಫಿ ಕುಡಿದು ಪಾಠ ಮಾಡುತ್ತಿದ್ದೇನೆ. ಮೊನ್ನೆ ಲೆಕ್ಕ ತಪ್ಪಿದ್ದಕ್ಕೆ ಎಂಟು ವರ್ಷದ ಮಗನಿಗೆ ಹೊಡೆದುಬಿಟ್ಟೆ. ಅವನನ್ನು ಕರೆದುಕೊಂಡು ತವರಿಗೆ ಹೋಗಿಬಿಡಲೇ?
ಹೆಸರು ಬೇಡ, ಸುಂಟಿಕೊಪ್ಪ

ಉತ್ತರ: ತವರಿನ ವಿಷಯಕ್ಕೆ ಕೊನೆಯಲ್ಲಿ ಬರೋಣ. ಮೊದಲು ಕಾಫಿ ಲೋಟದ ಲೆಕ್ಕ.

ಅರೇಬಿಕಾಗಿಂತ ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ನೀವು ಕುಡಿಯುವುದು ಸ್ವಂತ ತೋಟದ, ಚಿಕೋರಿ ಬೆರೆಸದ ಪುಡಿಯಾದರೆ ಐದು ಲೋಟ ಎಂಬುದು ಐದೇ ಅಲ್ಲ. ಕುಡಿದ ಕೆಫೀನಿನ ಅರ್ಧ ಪಾಲು ಐದಾರು ಗಂಟೆ ಕಳೆದರೂ ರಕ್ತದಲ್ಲಿರುತ್ತದೆ. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟವಾಗಿ ನಿಮ್ಮೊಳಗೆ ಎಚ್ಚರವಾಗಿಯೇ ಇದೆ. ಒಮ್ಮೆಲೇ ಬಿಟ್ಟರೆ ತಲೆನೋವು, ಸಿಡುಕು ಹೆಚ್ಚುತ್ತದೆ. ಮೂರು ದಿನಕ್ಕೊಂದು ಲೋಟದಂತೆ ಇಳಿಸಿ ಎರಡಕ್ಕೆ ತನ್ನಿ, ಎರಡನೆಯದು ಮಧ್ಯಾಹ್ನ ಒಂದರೊಳಗೆ ಮುಗಿಯಲಿ. ಸಂಜೆಗೆ ಶುಂಠಿ ಕಷಾಯ ಸಾಕು. (ಕೊಡಗಿನಲ್ಲಿ ಕೂತು ಕಾಫಿ ಬಿಡಿ ಅನ್ನುವುದಕ್ಕೂ ಸ್ವಲ್ಪ ಧೈರ್ಯ ಬೇಕು.)

ಮೂರು ಗಂಟೆಯ ಎಚ್ಚರಕ್ಕೆ ಕಾರಣವಿದೆ. ರಾತ್ರಿಯ ಕೊನೆಯ ಭಾಗದಲ್ಲಿ ನಿದ್ದೆ ಹಗುರಾಗುತ್ತದೆ, ಮೈಯನ್ನು ಎಚ್ಚರಿಸುವ ಕಾರ್ಟಿಸಾಲ್ ಹಾರ್ಮೋನು ತಾನಾಗಿ ಏರತೊಡಗುತ್ತದೆ. ಹಗಲಿಡೀ ಕಾವಲು ನಿಂತ ಮನಸ್ಸಿಗೆ ಅಷ್ಟೇ ನೆಪ ಸಾಕು. ಗಡಿಯಾರ, ಮೊಬೈಲ್ ನೋಡಬೇಡಿ. ಇಪ್ಪತ್ತು ನಿಮಿಷದಷ್ಟಾಯಿತು ಅನ್ನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲಷ್ಟೇ ಹಾಸಿಗೆಗೆ ಹೋಗಿ. ಮಲಗಿಕೊಂಡೇ ಹೊರಳಾಡಿದರೆ ಹಾಸಿಗೆ ಅಂದರೆ ಚಿಂತೆಯ ಜಾಗ ಎಂದು ಮೈಗೆ ಅಭ್ಯಾಸವಾಗುತ್ತದೆ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆಯಿದ್ದರೂ ಥೈರಾಯ್ಡ್ ಹೆಚ್ಚಿದ್ದರೂ ಎದೆ ಹೀಗೇ ಬಡಿಯುತ್ತದೆ. ಮೆಡಿಕಲ್‌ನಲ್ಲಿ ಕೇಳಿ ನಿದ್ದೆ ಮಾತ್ರೆ ತರುವುದು ಬೇಡ.

ಉಸಿರಿನ ಅಭ್ಯಾಸ ನೀವೂ ಕೇಳಿರುತ್ತೀರಿ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ದಿನಕ್ಕೆರಡು ಸಲ ಐದೈದು ನಿಮಿಷ. ಬಹಳ ಜನ ಸೋಲುವುದು ಇದನ್ನು ಜಗಳದ ನಡುವೆಯೇ ಮೊದಲ ಸಲ ಮಾಡಲು ಹೋಗಿ. ಜೋರಾಗಿ ಎಳೆದರೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಶಾಲೆಗೆ ಹೋಗುವ ಬಸ್ಸಿನಲ್ಲಿ, ಸಮಾಧಾನವಿರುವಾಗ ರೂಢಿಸಿಕೊಳ್ಳಿ.

ಇನ್ನು ಆ ಮಾತು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಬೆಳೆಗಾರರ ತಲೆಯಲ್ಲಿ ಎರಡು ಮಳೆ ಇರುತ್ತವೆ. ಗಿಡಕ್ಕೆ ಹೂ ಅರಳಿಸುವ ಹೂಮಳೆ ಬೇಕು, 100 ಸೆಂಟ್ಸ್, ಅಂದರೆ ಒಂದು ಇಂಚು ಬಿದ್ದರೆ ನೆಮ್ಮದಿ. ಕಣಕ್ಕೆ ಒಂದು ಹನಿಯೂ ಬೇಡ. ಬರುವ ಮಳೆ ಮಾತ್ರ ಒಂದೇ. ಅವರ ದುಡ್ಡು ವರ್ಷಕ್ಕೊಮ್ಮೆ, ಅದೂ ಆಕಾಶ ಒಪ್ಪಿದರೆ. ನಿಮ್ಮದು ತಿಂಗಳಿಗೊಮ್ಮೆ. 'ನಿನಗೇನು' ಹುಟ್ಟಿದ್ದು ಅಲ್ಲಿಂದ. ಹುಟ್ಟಿದ ಜಾಗ ತಿಳಿಯಿತೆಂದು ಆ ಮಾತು ಸರಿಯಾಗಿಬಿಡುವುದಿಲ್ಲ. ಮಾರ್ಚ್ ನಿಮಗೂ ಪರೀಕ್ಷೆಯ ತಿಂಗಳು ಎಂಬುದನ್ನು ಅವರು ಮರೆತಿದ್ದಾರೆ.

ಈ ಜಗಳದೊಳಗೆ ಎರಡು ಜಗಳಗಳಿವೆ: ಒಂದು ಕಣದ ಕೆಲಸ, ಇನ್ನೊಂದು ಅವಮಾನ. ಒಟ್ಟಿಗೆ ಎತ್ತಿದರೆ ಎರಡೂ ಬಗೆಹರಿಯುವುದಿಲ್ಲ. ಮೊದಲು ಕಣ. ಇಬ್ಬರೂ ಮನೆಯಲ್ಲಿಲ್ಲದ ದಿನ ಟಾರ್ಪಾಲು ಎಳೆಯುವುದು ಯಾರು? ಕೆಲಸಕ್ಕೆ ಬರುವವರಲ್ಲಿ ಒಬ್ಬರಿಗೆ ಅದಕ್ಕೆಂದೇ ಇಷ್ಟು ಎಂದು ಕೊಡುತ್ತೀರೋ, ಮೋಡ ಕಂಡ ದಿನ ಮಧ್ಯಾಹ್ನವೇ ರಾಶಿ ಮಾಡಿ ಮುಚ್ಚಿಸುತ್ತೀರೋ, ತೀರ್ಮಾನ ಮಾಡಿಕೊಳ್ಳಿ. ವಿಶೇಷ ತರಗತಿಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹತ್ತು ನಿಮಿಷದ ಮಾತು ಇದು.

ಎರಡನೆಯದನ್ನು ಎರಡು ಮೂರು ದಿನ ಬಿಟ್ಟು, ಊಟವಾದ ಮೇಲೆ, ಅತ್ತೆ ಇಲ್ಲದಾಗ ಎತ್ತಿ. 'ನೀವು ಯಾವಾಗಲೂ' ಎಂದು ಶುರು ಮಾಡಿದರೆ ಅವರು ವಾದಕ್ಕೆ ನಿಲ್ಲುತ್ತಾರೆ. "ಅವತ್ತು ಅತ್ತೆ ಎದುರು ಸಂಬಳದ ಮಾತು ಬಂದಾಗ ನಾನು ಈ ಮನೆಯವಳೇ ಅಲ್ಲ ಅನ್ನಿಸಿತು. ಹೇಳುವುದಿದ್ದರೆ ನಾವಿಬ್ಬರೇ ಇರುವಾಗ ಹೇಳಿ." ಇಷ್ಟು ಹೇಳಿ ಸುಮ್ಮನಾಗಿ. ದನಿ ಏರಿದರೆ "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಎಂದು ಎದ್ದು ಹೋಗಿ, ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ಏರಿದ ಎದೆಬಡಿತ ಇಳಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಹೇಳದೆ ಎದ್ದು ಹೋದರೆ ಅದೂ ಮುನಿಸೇ ಆಗುತ್ತದೆ.

ಮಗನ ಹತ್ತಿರ ಇವತ್ತೇ ಮಾತಾಡಿ. "ಅಮ್ಮ ಹೊಡೆದದ್ದು ತಪ್ಪು, ನಿನ್ನಿಂದಲ್ಲ, ನನ್ನ ಸುಸ್ತಿನಿಂದ." ಕೊನೆಗೆ 'ಆದರೆ ನೀನೂ' ಎಂದು ಸೇರಿಸಬೇಡಿ.

ನೀವು ಬರೆಯದೆ ಬಿಟ್ಟದ್ದೇನಾದರೂ ಇದ್ದರೆ, ಅಂದರೆ ಯಜಮಾನರು ಕೈಮಾಡುವುದು, ಬೆದರಿಸುವುದು ಇದ್ದರೆ, ಮೇಲಿನ ಮಾತುಕತೆಯ ಸಲಹೆ ನಿಮಗಲ್ಲ. ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ನಿದ್ದೆಗೇಡು, ಬೇಸರ ಇನ್ನೂ ಎರಡು ವಾರ ಮುಂದುವರಿದರೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಯಜಮಾನರ ಬಾಯಲ್ಲಿ 'ಬದುಕಿ ಏನು ಪ್ರಯೋಜನ' ಎಂಬಂಥ ಮಾತು ಬಂದರೆ ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅದೇ ನಂಬರಿಗೆ ಕರೆ ಮಾಡಿ. ತೋಟದ ಔಷಧಿ ಡಬ್ಬಗಳಿಗೆ ಬೀಗ ಹಾಕಿ ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ತವರಿಗೆ ಹೋಗಿ, ಧಾರಾಳವಾಗಿ. ಪರೀಕ್ಷೆ ಕೆಲಸ ಮುಗಿದ ಮೇಲೆ ನಾಲ್ಕು ದಿನ, ವಾಪಸ್ ಬರುವ ದಿನವನ್ನು ಯಜಮಾನರಿಗೂ ಅತ್ತೆಗೂ ಹೇಳಿ. ಆ ನಾಲ್ಕು ದಿನ ಕಣಕ್ಕೆ ಯಾರು ಎಂಬುದು ಅಷ್ಟರೊಳಗೆ ಗೊತ್ತಾಗಿರಬೇಕು.