ಸಣ್ಣ ರೂಮಿಗೆ 7.1 ಬೇಕಾ, 5.1 ಸಾಕಾ?

ಪ್ರಶ್ನೆ: ಸರ್, ನಮ್ಮ ರೂಮು 10 ಅಡಿ ಅಗಲ, 12 ಅಡಿ ಉದ್ದ. ಅಗಲದ ಗೋಡೆಗೆ ಟಿವಿ ಇದೆ, ಎದುರು ಗೋಡೆಗೆ ಒತ್ಕೊಂಡೇ ಸೋಫಾ ಇದೆ. ಈಗಿರೋ ಸೌಂಡ್‌ಬಾರಲ್ಲಿ ಡೈಲಾಗ್ ಸರಿಯಾಗಿ ಕೇಳ್ಸಲ್ಲ, ವಾಲ್ಯೂಮ್ ಜಾಸ್ತಿ ಮಾಡಿದ್ರೆ ಫೈಟ್ ಬಂದಾಗ ಬೇಸ್ ಗುಂಯ್ ಅಂತ ರೂಮೆಲ್ಲಾ ತುಂಬ್ಕೊಳತ್ತೆ, ಪಕ್ಕದ ಮನೆಯವ್ರು ಬೇರೆ ಗೋಡೆ ತಟ್ತಾರೆ (ಸಬ್‌ವೂಫರ್ ಮೂಲೇಲಿಟ್ಟಿದೀನಿ). ಹೊಸದು ತಗೋಬೇಕು ಅಂತಿದೀನಿ. 7.1 ತಗೊಳ್ಳೋದಾ, ಅಟ್ಮಾಸ್ (ತಲೆ ಮೇಲಿಂದಲೂ ಸೌಂಡ್ ಬರೋದು) ಇರೋದಾ, ಇಲ್ಲ 5.1 ಸಾಕಾ?

ಉತ್ತರ: 5.1 ಸಾಕು, ಅಂದ್ರೆ ಮುಂದೆ ಎಡಕ್ಕೂ ಬಲಕ್ಕೂ ಎರಡು ಫ್ರಂಟ್, ನಡುವೆ ಒಂದು ಸೆಂಟರ್, ಪಕ್ಕದಲ್ಲಿ ಎರಡು ಸರೌಂಡ್, ಬೇಸ್‌ಗೆ ಒಂದು ಸಬ್‌ವೂಫರ್. ಸಾಕು ಅನ್ನೋದಕ್ಕಿಂತ ನಿಮ್ಮ ರೂಮಿಗೆ ಅದೇ ಚೆನ್ನಾಗಿರತ್ತೆ. 7.1ರಲ್ಲಿ ಜಾಸ್ತಿ ಬರೋ ಎರಡು ಸ್ಪೀಕರ್ ನಿಮ್ಮ ಬೆನ್ನಿನ ಹಿಂದೆ ಇರ್ಬೇಕು, ನಿಮ್ಮ ಸೋಫಾ ಹಿಂದೆ ಇರೋದು ಗೋಡೆ. ಅವನ್ನ ತಲೆ ಮೇಲೆ ಗೋಡೆಗೆ ಹೊಡ್ಸಿದ್ರೆ ಹಿಂದಿನಿಂದ ಸೌಂಡ್ ಬಂದ ಹಾಗೆ ಅನ್ಸಲ್ಲ, ಕಿವಿ ಪಕ್ಕದಲ್ಲೇ ಯಾರೋ ಮಾತಾಡಿದ ಹಾಗಿರತ್ತೆ. ಅದೇ ದುಡ್ಡನ್ನ ಸೆಂಟರ್ ಸ್ಪೀಕರ್‌ಗೂ ಸಬ್‌ವೂಫರ್‌ಗೂ ಹಾಕಿ, ನೀವು ಹೇಳ್ತಿರೋ ಎರಡು ತೊಂದ್ರೆನೂ ಆ ಎರಡರಲ್ಲೇ ಇರೋದು.

ಮೊದ್ಲು ಬೇಸ್ ವಿಷಯ, ಯಾಕಂದ್ರೆ ಸಣ್ಣ ರೂಮಲ್ಲಿ ಎಲ್ಲಾ ಕೆಡೋದು ಇಲ್ಲೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ. ನಿಮ್ಮ 12 ಅಡಿ ಅಂದ್ರೆ 3.66 ಮೀಟರ್, ಆ ಎರಡು ಗೋಡೆ ಮಧ್ಯೆ ಸರಿಯಾಗಿ ಅರ್ಧ ಅಲೆ ಹಿಡ್ಸೋದು ಸುಮಾರು 47 ಹರ್ಟ್ಸ್‌ಗೆ, 10 ಅಡಿ ಕಡೆ ಲೆಕ್ಕ ಹಾಕಿದ್ರೆ 56 ಹರ್ಟ್ಸ್. ಸಿನಿಮಾದಲ್ಲಿ ಬ್ಲಾಸ್ಟು, ಗುಡುಗು, ಡ್ರಮ್ಮು ಎಲ್ಲಾ ಓಡಾಡೋದು ಈ ಏರಿಯಾದಲ್ಲೇ, ಹಾಗಾಗಿ ಆ ಸ್ವರ ಬಂದ ತಕ್ಷಣ ರೂಮೇ ಅದನ್ನ ಹಿಡ್ಕೊಂಡು ಎಳೆಯತ್ತೆ, ಬೇಗ ನಿಲ್ಲಲ್ಲ. ಇದು ಗೋಡೆ ಹತ್ರ ಅತಿ ಜೋರು, ಅದ್ರಲ್ಲೂ ಮೂಲೇಲಿಟ್ಟ ಸಬ್ ಇಂಥ ಎಲ್ಲಾ ಸ್ವರನೂ ಒಟ್ಟಿಗೆ ಎಬ್ಬಿಸತ್ತೆ. ನೀವು ಕೂತಿರೋದೂ ಗೋಡೆಗೆ ಒರಗಿ, ಸಬ್ ಇರೋದೂ ಮೂಲೇಲಿ, ಗುಂಯ್ ಅನ್ನದೆ ಇನ್ನೇನು ಮಾಡತ್ತೆ ಹೇಳಿ. ಸೋಫಾನ ಒಂದೂವರೆ ಅಡಿ ಮುಂದೆ ಎಳೀರಿ, ಇದಕ್ಕೆ ಖರ್ಚೇ ಇಲ್ಲ, ಅಷ್ಟಕ್ಕೇ ಫರಕ್ ಗೊತ್ತಾಗತ್ತೆ. ತೀರಾ ರೂಮಿನ ನಡುವಿಗೆ ಮಾತ್ರ ತರಬೇಡಿ, ಅಲ್ಲಿ ಅದೇ 47 ಹರ್ಟ್ಸ್ ಹೆಚ್ಚುಕಮ್ಮಿ ಮಾಯ ಆಗತ್ತೆ.

ಸಬ್ ಎಲ್ಲಿಡೋದು ಅನ್ನೋದಕ್ಕೆ ಒಂದು ಹಳೇ ಉಪಾಯ ಇದೆ, ದಯವಿಟ್ಟು ಮಾಡಿ ನೋಡಿ. ಸಬ್‌ನ ಎತ್ತಿ ನೀವು ಕೂರೋ ಜಾಗದಲ್ಲೇ, ಸೋಫಾ ಮೇಲೇ ಇಡಿ, ಬೇಸ್ ಗಿಟಾರ್ ಮೇಲೆ ಕೆಳಗೆ ಓಡಾಡೋ ಒಂದು ಹಾಡು ರಿಪೀಟಲ್ಲಿ ಹಾಕಿ, ಆಮೇಲೆ ಮಂಡಿ ಊರ್ಕೊಂಡು ಸಬ್ ನೆಲದ ಮೇಲಿದ್ರೆ ಎಷ್ಟು ಎತ್ತರ ಇರತ್ತೋ ಕಿವಿ ಅಷ್ಟಕ್ಕೆ ಬರೋ ಹಾಗೆ ಗೋಡೆ ಉದ್ದಕ್ಕೂ ನಿಧಾನವಾಗಿ ಹೋಗ್ತಾ ಕೇಳಿ. ಒಂದು ಕಡೆ ಒಂದು ಸ್ವರ ಗುಡುಗತ್ತೆ, ಎರಡು ಅಡಿ ಆಚೆ ಹೋದ್ರೆ ಅದೇ ಸ್ವರ ಇರೋದೇ ಇಲ್ಲ, ಯಾವ ಜಾಗದಲ್ಲಿ ಎಲ್ಲಾ ಸ್ವರನೂ ಹೆಚ್ಚುಕಮ್ಮಿ ಒಂದೇ ಜೋರಲ್ಲಿ ಕೇಳತ್ತೋ ಅದೇ ಸಬ್ ಜಾಗ. ಎಷ್ಟೋ ಜನ ಇದನ್ನ ಮಾಡದೆ ಸಬ್ಬೇ ಸರಿ ಇಲ್ಲ ಅಂತ ಮಾರ್ಬಿಡ್ತಾರೆ, ನೋಡಿದ್ರೆ ಬೇಜಾರಾಗತ್ತೆ.

ಸೈಜ್ ಅಂದ್ರೆ 8 ಅಥವಾ 10 ಇಂಚಿನದು ಸಾಕು, ಆದಷ್ಟು ಸೀಲ್ಡ್ ಡಬ್ಬದ್ದು ನೋಡಿ. ಗಾಳಿ ಹೋಗೋ ತೂತಿರೋ ಪೋರ್ಟೆಡ್ ಸಬ್‌ಗಳು ದೊಡ್ಡ ರೂಮಿಗೆ ಚೆನ್ನಾಗಿರತ್ವೆ, ಸಣ್ಣ ರೂಮು ತಾನೇ ಕೆಳಗಿನ ಬೇಸ್‌ನ ಎತ್ತಿ ಕೊಡೋದ್ರಿಂದ ಸೀಲ್ಡ್ ಅದಕ್ಕೆ ಹೊಂದ್ಕೊಳತ್ತೆ. ರಿಸೀವರಲ್ಲಿ (ಎಲ್ಲಾ ಸ್ಪೀಕರ್‌ಗೆ ಸೌಂಡ್ ಹಂಚಿ ಓಡಿಸೋ ಆಂಪ್ಲಿಫೈಯರ್ ಡಬ್ಬ) ಎಲ್ಲಾ ಸ್ಪೀಕರ್‌ನ ಸ್ಮಾಲ್ ಅಂತ ಇಟ್ಟು ಕ್ರಾಸ್‌ಓವರ್ 80 ಹರ್ಟ್ಸ್ ಕೊಡಿ, ಅಂದ್ರೆ ಅದಕ್ಕಿಂತ ಕೆಳಗಿನ ಬೇಸ್ ಸಬ್‌ಗೆ ಹೋಗತ್ತೆ. ಸಬ್ ಹಿಂದಿರೋ ಕ್ರಾಸ್‌ಓವರ್ ನಾಬ್‌ನ ಅತಿ ಹೆಚ್ಚಿನ ನಂಬರಿಗೆ ತಿರುಗಿಸಿ, ಇಲ್ಲಾಂದ್ರೆ ಎರಡೆರಡು ಸಲ ಫಿಲ್ಟರ್ ಆಗತ್ತೆ.

ಡೈಲಾಗ್ ಮುಕ್ಕಾಲು ಪಾಲು ಬರೋದು ಸೆಂಟರ್‌ನಿಂದ. ಅದನ್ನ ಟಿವಿ ಸ್ಟ್ಯಾಂಡಿನ ಗೂಡೊಳಗೆ ತಳ್ಳಿದ್ರೆ ಎಷ್ಟೇ ಒಳ್ಳೇ ಸ್ಪೀಕರ್ ಆದ್ರೂ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೇ ಕೇಳೋದು. ಶೆಲ್ಫಿನ ಅಂಚಿಗೆ ತನ್ನಿ, ಮುಂದೆ ಕೆಳಗೆ ಒಂದು ರಬ್ಬರ್ ತುಂಡು ಕೊಟ್ಟು ಮುಖ ನಿಮ್ಮ ಕಿವಿ ಕಡೆ ಎತ್ತಿ. ಆಮೇಲೂ ಸಾಲದಿದ್ರೆ ಸೆಂಟರ್ ಲೆವೆಲ್ 2-3 ಡೆಸಿಬಲ್ ಏರಿಸಿ. ಸೆಂಟರ್ರೂ ಎರಡು ಫ್ರಂಟೂ ಒಂದೇ ಕಂಪ್ನಿಯ ಒಂದೇ ಸೀರೀಸ್ ಇರ್ಲಿ, ಇಲ್ಲಾಂದ್ರೆ ಈ ಕಡೆಯಿಂದ ಆ ಕಡೆಗೆ ಗಾಡಿ ಹೋದಾಗ ಅದ್ರ ಸೌಂಡೇ ಬದಲಾಗತ್ತೆ.

ಫ್ರಂಟ್ ಎರಡರ ಮಧ್ಯೆ 7 ಅಡಿ ಇಡಿ. ಸೋಫಾ ಮುಂದೆ ಬಂದ್ಮೇಲೆ ಸ್ಪೀಕರ್‌ಗಳಿಂದ ನಿಮಗೆ ಸುಮಾರು 8 ಅಡಿ ಆಗತ್ತೆ, ಆಗ ನಡು ಗೆರೆಯಿಂದ ಆ ಕಡೆ ಈ ಕಡೆ ಹತ್ತಿರಹತ್ತಿರ 24 ಡಿಗ್ರಿ ಬರತ್ತೆ, 22ರಿಂದ 30 ಒಳಗಿದ್ರೆ ಸರಿ. ಪಕ್ಕದ ಗೋಡೆಗೂ ಒಂದೂವರೆ ಅಡಿ ಸಿಗತ್ತೆ. ಸರೌಂಡ್ ಎರಡೂ ನಿಮ್ಮ ಪಕ್ಕದಿಂದ ಸ್ವಲ್ಪ ಹಿಂದೆ, ಅದೇ ನಡು ಗೆರೆಯಿಂದ 110 ಡಿಗ್ರಿ ಹತ್ರ. ಅವು ನಿಮಗೆ ತೀರಾ ಹತ್ರ ಆಗೋದ್ರಿಂದ ಕಿವಿಗಿಂತ ಒಂದು ಒಂದೂವರೆ ಅಡಿ ಮೇಲೆ ಇರ್ಲಿ.

ವ್ಯಾಟ್ ಹಿಂದೆ ಓಡ್ಬೇಡಿ. ಪವರ್ ಡಬಲ್ ಆದ್ರೂ ಸಿಗೋದು ಬರೀ 3 ಡೆಸಿಬಲ್, ಡಬ್ಬದ ಮೇಲಿನ ಪಿಎಂಪಿಒ (ಉಬ್ಬಿಸಿ ಬರೆದ ವ್ಯಾಟ್) ನಂಬರ್ ಅಂತೂ ಓದ್ಲೇಬೇಡಿ, ಆರ್‌ಎಂಎಸ್ (ಸತತವಾಗಿ ಕೊಡೋ ನಿಜವಾದ ವ್ಯಾಟ್) ಕೇಳಿ.

ಅಟ್ಮಾಸ್ ಬೇಡ ಅಂತಲ್ಲ, ಮೊದ್ಲು ಇದು ಸರಿಹೋಗ್ಲಿ. 7 ಚಾನೆಲ್ ಇರೋ, ಅಂದ್ರೆ ಏಳು ಸ್ಪೀಕರ್ ಓಡಿಸೋ ಅಟ್ಮಾಸ್ ರಿಸೀವರ್ ತಗೊಂಡು ಈಗ 5.1 ಹಾಕಿ, ಮುಂದೆ ಬೇಕಾದ್ರೆ ಸೀಲಿಂಗಿಗೆ ಎರಡು ಸೇರಿಸ್ಬೋದು. ಮೇಲಕ್ಕೆ ಮುಖ ಮಾಡಿರೋ ಅಪ್‌ಫೈರಿಂಗ್ ಸ್ಪೀಕರ್‌ಗೆ ಸೀಲಿಂಗ್ ಚಪ್ಪಟೆಯಾಗಿ ಗಟ್ಟಿಯಾಗಿರ್ಬೇಕು, ಇಳಿಜಾರಿದ್ರೆ ದಂಡ.

ಪಕ್ಕದ ಮನೆಯವ್ರ ವಿಷಯಕ್ಕೆ ಬಂದ್ರೆ, ಪರದೆ ಕಾರ್ಪೆಟ್ಟು ಹಾಕಿದ್ರೆ ರೂಮೊಳಗಿನ ಪ್ರತಿಧ್ವನಿ ಕಡಿಮೆ ಆಗತ್ತೆ, ಗೋಡೆ ದಾಟೋ ಬೇಸ್ ನಿಲ್ಲಲ್ಲ. ಸಬ್‌ನ ಎರಡು ಮನೆಗೂ ಸೇರಿದ ಆ ಗೋಡೆಯಿಂದ ದೂರ ಇಡಿ, ಕೆಳಗೆ ದಪ್ಪ ಫೋಮ್ ಹಾಕಿ, ಅದು ನೆಲದಲ್ಲಿ ಹೋಗೋ ನಡುಕಕ್ಕೆ ಮಾತ್ರ. ರಾತ್ರಿ ಹೊತ್ತು ರಿಸೀವರಲ್ಲಿ ನೈಟ್ ಮೋಡ್ ಹಾಕಿದ್ರೆ ಜೋರಾದ ಸೌಂಡ್ ತಗ್ಗಿ ಮೆಲ್ಲಗಿನ ಮಾತು ಮೇಲೆ ಬರತ್ತೆ, ನಿಮಗೆ ಇದೇ ಜಾಸ್ತಿ ಉಪಯೋಗ.

ಪ್ರಶ್ನೆ: ಟಿವಿಯಿಂದ ರಿಸೀವರ್‌ಗೆ ಆಪ್ಟಿಕಲ್ ಕೇಬಲ್ ಸಾಕಾ?

ಉತ್ತರ: ಮಾಮೂಲಿ ಡಾಲ್ಬಿ ಡಿಜಿಟಲ್ 5.1 ಅದ್ರಲ್ಲಿ ಬರತ್ತೆ, ಅಟ್ಮಾಸ್ ಬರಲ್ಲ. ಎಚ್‌ಡಿಎಂಐ ಎಆರ್‌ಸಿ (ಟಿವಿ ಸೌಂಡ್‌ನ ರಿಸೀವರ್‌ಗೆ ಕಳಿಸೋ ಎಚ್‌ಡಿಎಂಐ ಪೋರ್ಟ್) ಇದ್ರೆ ಅದನ್ನೇ ಹಾಕಿ, ಸ್ಟ್ರೀಮಿಂಗ್ ಅಟ್ಮಾಸ್ ಅದ್ರಲ್ಲಿ ಹೋಗತ್ತೆ. ಟಿವಿ ಮೂಲಕ ಬ್ಲೂರೇ ಡಿಸ್ಕಿನ ಟ್ರೂಎಚ್‌ಡಿ (ಏನೂ ಕಳ್ಕೊಳ್ಳದ ಪೂರ್ತಿ ಗುಣಮಟ್ಟದ) ಸೌಂಡ್ ಪೂರ್ತಿ ಬೇಕಂದ್ರೆ ಟಿವಿ ರಿಸೀವರ್ ಎರಡರಲ್ಲೂ ಇಎಆರ್‌ಸಿ (ಎಆರ್‌ಸಿಯ ಹೊಸ, ಜಾಸ್ತಿ ಡೇಟಾ ಹಿಡ್ಸೋ ರೂಪ) ಇರ್ಬೇಕು, ಇಲ್ಲಾಂದ್ರೆ ಪ್ಲೇಯರ್‌ನ ನೇರವಾಗಿ ರಿಸೀವರ್‌ಗೇ ಚುಚ್ಚಿ. ಟಿವಿ ಸೆಟ್ಟಿಂಗಲ್ಲಿ ಆಡಿಯೋ ಔಟ್‌ಪುಟ್ ಪಿಸಿಎಂ (ಟಿವಿನೇ ಸೌಂಡ್ ಬಿಡಿಸಿ ಕಳಿಸೋದು) ಅಂತಿದ್ರೆ ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ (ಬಂದ ಸೌಂಡ್‌ನ ಹಾಗೇ ರಿಸೀವರ್‌ಗೆ ಕಳಿಸೋದು) ಬದಲಾಯ್ಸಿ, ಇಲ್ಲಾಂದ್ರೆ ಎಷ್ಟೋ ಟಿವಿಗಳು ಬರೀ ಸ್ಟೀರಿಯೋ ಕಳಿಸ್ತಾವೆ.