ಬೆಂಗಳೂರು ದಂಡಿಗೆ ಬಂದಿದ್ದ ಐರಿಷ್ ಸೈನಿಕನ ಹುಟ್ಟೂರನ್ನು ಪತ್ತೆ ಮಾಡುವುದು ಹೇಗೆ?

ಅಜ್ಜಿಯ ಬೈಬಲ್ಲಿನ ಮೊದಲ ಪುಟದಲ್ಲಿ ‘ಜಾನ್ ಮರ್ಫಿ, ಕಾರ್ಕ್, 1850ರಲ್ಲಿ ಬೆಂಗಳೂರು ದಂಡು’ ಎಂದಷ್ಟೇ ಇದೆ, ಅಂತರ್ಜಾಲದಲ್ಲಿ ಹುಡುಕಿದರೆ ಆ ಹೆಸರಿನವರು ರಾಶಿ ರಾಶಿ ಸಿಗುತ್ತಾರೆ ಎಂದಿದ್ದೀರಿ. ಸಿಗದೆ ಇನ್ನೇನು? ಮರ್ಫಿ ಎಂಬುದು ಐರ್ಲೆಂಡಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ಮನೆತನದ ಹೆಸರು, ಕಾರ್ಕ್ ಅಲ್ಲಿನ ಅತಿ ದೊಡ್ಡ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು.

ಐರ್ಲೆಂಡಿನ ದಾಖಲೆಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಅಲ್ಲಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಗೊತ್ತಿಲ್ಲದೆ ಹೆಜ್ಜೆ ಇಡಲಾಗದು. ಅದು ಸಿಗುವುದಿದ್ದರೆ ಸೇನೆಯ ಕಾಗದಗಳಲ್ಲಿ. ನನ್ನ ಹೆಂಡತಿಯ ತಾಯಿಯ ಕಡೆಯ ಹಿರಿಯರೊಬ್ಬರ ಊರು ತಿಳಿದದ್ದೂ ಹಾಗೆಯೇ.

ಆ ಕಾಲದಲ್ಲಿ ಇಲ್ಲಿದ್ದ ಬಿಳಿಯ ಸಿಪಾಯಿಗಳಲ್ಲಿ ರಾಣಿಯ ಸೇನೆಯವರು ಬೇರೆ, ಈಸ್ಟ್ ಇಂಡಿಯಾ ಕಂಪನಿಯವರು ಬೇರೆ. ಮೊದಲಿನವರ ಕಡತಗಳು ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಕಂಪನಿಯವರದು ಬ್ರಿಟಿಷ್ ಲೈಬ್ರರಿಯಲ್ಲಿ. ಆದ್ದರಿಂದ ಮೊದಲು ರೆಜಿಮೆಂಟ್ ಯಾವುದೆಂದು ತಿಳಿಯಬೇಕು. ಮದರಾಸು ಪ್ರೆಸಿಡೆನ್ಸಿಯ ಚರ್ಚುಗಳ ಜ್ಞಾನಸ್ನಾನ, ಮದುವೆ, ಸಮಾಧಿ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಬೆಂಗಳೂರು ದಂಡಿನವೂ ಅವುಗಳಲ್ಲಿವೆ. ಸಿಪಾಯಿಯ ಮದುವೆಯ ನಮೂದಿನಲ್ಲಿ ಸಾಮಾನ್ಯವಾಗಿ ಹುದ್ದೆ, ರೆಜಿಮೆಂಟ್ ಬರೆದಿರುತ್ತಾರೆ. ಕ್ಯಾಥೊಲಿಕರ ಪ್ರತಿಗಳು ಪೂರ್ತಿಯಾಗಿಲ್ಲ, ಹಾಗಾಗಿ ಇಲ್ಲಿನ ಚರ್ಚಿನಲ್ಲೂ ವಿಚಾರಿಸಿ.

ರಾಣಿಯ ಸೇನೆಯಲ್ಲಿದ್ದು ಪಿಂಚಣಿ ಪಡೆದಿದ್ದರೆ ನಿಮ್ಮ ಅದೃಷ್ಟ. ಬಿಡುಗಡೆ ಪತ್ರದಲ್ಲಿ ಹುಟ್ಟಿದ ಪ್ಯಾರಿಷ್, ಸೇರಿದಾಗಿನ ವಯಸ್ಸು, ಹಿಂದಿನ ಕಸುಬು, ಕಣ್ಣಿನ ಬಣ್ಣ ಕೂಡ ಇರುತ್ತದೆ. ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರೆ ಆ ಪತ್ರ ಇರುವುದಿಲ್ಲ. ಆಗ ರೆಜಿಮೆಂಟಿನ ಹಾಜರಿ ಪಟ್ಟಿಗಳೇ ಗತಿ.

ಪ್ಯಾರಿಷ್ ಸಿಕ್ಕ ಮೇಲೆ ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯದ ತಾಣಕ್ಕೆ ಹೋಗಿ. ಹಳೆಯ ಕ್ಯಾಥೊಲಿಕ್ ದಾಖಲೆ ಪುಸ್ತಕಗಳ ಚಿತ್ರಗಳು ಅಲ್ಲಿ ಉಚಿತ. ಹಲವು ಪುಸ್ತಕಗಳು ಲ್ಯಾಟಿನ್ನಿನಲ್ಲಿವೆ, ಜಾನ್ ಅಲ್ಲಿ ಯೊವಾನ್ನೆಸ್ ಆಗಿರುತ್ತಾನೆ. ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಜ್ಞಾನತಂದೆ, ಜ್ಞಾನತಾಯಿಯರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಅವರು ಬಹುಪಾಲು ನೆಂಟರೇ. ಒಂದೇ ಹೆಸರಿನ ಇಬ್ಬರು ಮಕ್ಕಳು ಸಿಕ್ಕರೆ ಯಾರು ನಿಮ್ಮವರು ಎಂದು ಬಿಡಿಸುವುದಕ್ಕೆ ಅದೇ ನೆರವಾಗುತ್ತದೆ.

ಜನಗಣತಿಯನ್ನು ನಂಬಿಕೊಂಡು ಕೂರಬೇಡಿ. 1821ರಿಂದ 1851ರವರೆಗಿನ ಹಾಳೆಗಳಲ್ಲಿ ಬಹುಪಾಲು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಮುಚ್ಚಯದಲ್ಲಿ ಸುಟ್ಟುಹೋದವು; ಮುಂದಿನ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ನಾಶ ಮಾಡಿತು. 1901, 1911ರವು ಪೂರ್ತಿ ಉಳಿದಿವೆ, ಊರಿನಲ್ಲೇ ಉಳಿದ ದಾಯಾದಿಗಳನ್ನು ಹುಡುಕಲು ಸಾಕು. ಅಲ್ಲೂ ವಯಸ್ಸನ್ನು ಕಣ್ಣುಮುಚ್ಚಿ ಒಪ್ಪಬೇಡಿ. 1909ರಲ್ಲಿ ಎಪ್ಪತ್ತು ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ ಶುರುವಾಯಿತು ನೋಡಿ, ಅದಕ್ಕಾಗಿ ಈ ಎರಡು ಗಣತಿಗಳ ನಡುವಿನ ಹತ್ತು ವರ್ಷಗಳಲ್ಲಿ ಹದಿನೈದು ವರ್ಷ ಹೆಚ್ಚು ಮುದುಕರಾದವರು ಅಲ್ಲಿ ಕಡಿಮೆಯೇನಿಲ್ಲ!

ಜಾನ್ ಮರ್ಫಿಗೆ ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳ ಹೆಸರು, ವರ್ಷ ಗೊತ್ತಿದ್ದರೆ ಇಲ್ಲೇ ಬರೆಯಿರಿ. ಯಾವ ಸೂಚಿಯಿಂದ ಶುರುಮಾಡಬಹುದೆಂದು ಹೇಳುತ್ತೇನೆ.